ಗುಲಾಬಿ ಬ್ಯಾಂಡೇಜು

ಮಗಳು ಎಡ ಮುಂಗೈಗೆ ಬ್ಯಾಂಡೇಜು ಸುತ್ತಿಕೊಂಡು ತಿಂಡಿಗೆ ಬಂದ ದಿನ ನಾನು ಕೇಳಬೇಕಾಗಿದ್ದ ಪ್ರಶ್ನೆ ಒಂದೇ. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೇಳಿದೆ. ಶಾಲೆಗೆ ಹೀಗೇ ಹೋಗುತ್ತೀಯಾ, ನೋಡಿದವರು ಏನಂದುಕೊಳ್ಳುತ್ತಾರೆ, ಕಣ್ಣಿನ ಕೆಳಗೆ ಅತ್ತವಳ ಹಾಗೆ ಕೆಂಪು ಯಾಕೆ ಬಳಿದುಕೊಂಡಿದ್ದೀಯಾ. ಹದಿನೈದು ವರ್ಷದವಳು, ಉಪ್ಪಿಟ್ಟನ್ನು ತಟ್ಟೆಯ ಅಂಚಿಗೆ ತಳ್ಳಿ, ಇದು ಜಪಾನಿನ ಸ್ಟೈಲ್ ಎಂದು ಇಂಗ್ಲಿಷಿನಲ್ಲಿ ಹೇಳಿ ಎದ್ದುಹೋದಳು.

ಅದರ ಹೆಸರು ಯಾಮಿ ಕವಾಯಿ. ಕವಾಯಿ ಎಂದರೆ ಮುದ್ದು, ಯಾಮಿ ಎಂದರೆ ಕಾಯಿಲೆ. ಟೋಕಿಯೋದ ಹರಾಜುಕು ಬೀದಿಗಳಲ್ಲಿ ಹುಡುಗಿಯರು ಶುರುಮಾಡಿದ್ದಂತೆ. ತಿಳಿಗುಲಾಬಿ ಲಂಗ, ನಾವಿಕರ ಕಾಲರಿನ ಅಂಗಿ, ಒಂದು ಕಣ್ಣಿಗೆ ಬಿಳಿ ಪಟ್ಟಿ, ಕೂದಲಿಗೆ ಸಿರಿಂಜಿನ ಆಕಾರದ ಕ್ಲಿಪ್ಪು, ಮುಂಗೈಗೆ ಗುಲಾಬಿ ಬ್ಯಾಂಡೇಜು. ಶನಿವಾರ ಮಧ್ಯಾಹ್ನ ಸ್ಟಾಕ್‌ಹೋಮಿನ ಒಂದು ಚೌಕದಲ್ಲಿ ಇಂಥವರೇ ನಾಲ್ಕೈದು ಜನ ಸೇರುತ್ತಿದ್ದರು. ಒಮ್ಮೆ ದೂರದಿಂದ ನೋಡಿದೆ. ಆಸ್ಪತ್ರೆ ವಾರ್ಡಿನಿಂದ ಎದ್ದು ನೇರವಾಗಿ ಹುಟ್ಟುಹಬ್ಬಕ್ಕೆ ಹೊರಟವರ ಹಾಗಿದ್ದರು. ನಮ್ಮಲ್ಲೂ ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು ಬೇಕೆಂದೇ ಚೆಂದ ಕೆಡಿಸುತ್ತೇವಲ್ಲ, ಅದು ಆಗ ನನಗೆ ಹೊಳೆಯಲಿಲ್ಲ. ಹೆದರಿ, ಹತ್ತಿರ ಹೋಗದೆ ಹಾಗೇ ತಿರುಗಿ ಬಂದೆ, ಅಷ್ಟೇ.

ಯಾಕೆಂದರೆ ಮನೆಗೆ ಬಂದ ಮೇಲೆ ಲಂಗ, ಕ್ಲಿಪ್ಪು, ಕಣ್ಣಿನ ಪಟ್ಟಿ ಎಲ್ಲ ಕಳಚುತ್ತಿದ್ದವಳು ಬ್ಯಾಂಡೇಜನ್ನು ಮಾತ್ರ ತೆಗೆಯುತ್ತಿರಲಿಲ್ಲ. ಊಟಕ್ಕೂ ಅದೇ, ನಿದ್ದೆಗೂ ಅದೇ. ಒಳಗೆ ಗಾಯವಿದೆ, ಅವಳೇ ಮಾಡಿಕೊಂಡ ಗಾಯ, ಎಂದು ನಾನು ತೀರ್ಮಾನಿಸಿಬಿಟ್ಟೆ. ನಮ್ಮ ಮನೆಯಿರುವ ಕಿಸ್ಟಾ ಬಡಾವಣೆಯಲ್ಲೇ ನನ್ನ ಆಫೀಸು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೇರೆಯವರು ಸರಿಯಾಗಿದೆ ಎಂದದ್ದನ್ನು ನಂಬದಿರುವುದಕ್ಕೇ ನನಗೆ ಸಂಬಳ. ಅಂಥ ನಾನು ಮೂರು ವಾರ ಆ ಬ್ಯಾಂಡೇಜು ಬಿಚ್ಚಿಸಿ ನೋಡಲಿಲ್ಲ. ನೋಡಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ. ಗಂಡನಿಗೆ ದೂರದ ಟೋರ್ಸ್‌ಲಾಂಡ ಎಂಬ ಊರಿನಲ್ಲಿ ಕೆಲಸ, ಶುಕ್ರವಾರ ಬಂದು ಭಾನುವಾರ ಹೋಗುತ್ತಿದ್ದರು. ಅವರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಶಾಲೆಯಿಂದ ಮೇಲ್ ಬಂತು. ಕುರಾಟೋರ್, ಅಂದರೆ ಮಕ್ಕಳ ಕಷ್ಟಸುಖ ವಿಚಾರಿಸುವ ಸಲಹೆಗಾರ್ತಿ, ಮಂಗಳವಾರ ತಾಯಿ ಮಗಳು ಇಬ್ಬರೂ ಬರಬೇಕು ಎಂದು ಬರೆದಿದ್ದರು. ಹೆದರಿದವಳ ಮೇಲೆ ಹಾವು ಎಸೆದ ಹಾಗಾಯಿತು. ಇಲ್ಲಿನ ನಮ್ಮವರ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದು ಮಾತು ಸದಾ ಓಡಾಡುತ್ತಿರುತ್ತದೆ: ಶಾಲೆಗೆ ಅನುಮಾನ ಬಂದರೆ ಕೊಮ್ಯೂನಿಗೆ, ಅಂದರೆ ನಗರಸಭೆಗೆ, ತಿಳಿಸುತ್ತಾರೆ, ಕೊಮ್ಯೂನಿನವರು ಮಗುವನ್ನು ಕರೆದುಕೊಂಡು ಹೋಗುತ್ತಾರೆ. ಯಾರ ಮಗು, ಯಾವ ಊರು ಎಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದಿದ್ದರೆ ಭಯ ಕಡಿಮೆಯಾಗುತ್ತದೆಯೇ? ಆ ಶನಿವಾರ, ಭಾನುವಾರ ಬಾಗಿಲ ಗಂಟೆ ಸದ್ದಾದರೂ ಕಿಂಡಿಯಲ್ಲಿ ಇಣುಕಿ ನೋಡದೆ ತೆರೆಯುತ್ತಿರಲಿಲ್ಲ. ಯಾರೋ ಬಂದು ಮನೆ ನೋಡಿಯಾರು, ಇದರಲ್ಲೇ ಮಗಳಿಗೆ ಹೊಡೆಯುತ್ತಾಳೆ ಎಂದುಕೊಂಡಾರು ಎಂದು ಲಟ್ಟಣಿಗೆಯನ್ನು ಕೂಡ ಡ್ರಾಯರಿನ ತಳಕ್ಕೆ ತಳ್ಳಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಸೋಮವಾರ ಸಂಜೆ ಮಗಳನ್ನು ಕೂರಿಸಿಕೊಂಡು ಪಾಠ ಹೇಳಿಕೊಟ್ಟೆ. ಪೂರಿ ಕರಿಯುವಾಗ ಎಣ್ಣೆ ಸಿಡಿದು ಕೈ ಸುಟ್ಟಿತು ಎನ್ನಬೇಕು, ಬೇರೆ ಒಂದಕ್ಷರ ಆಡಬಾರದು. ಅವಳು ನನ್ನ ಮುಖವನ್ನೇ ನೋಡುತ್ತಾ ಕೂತಳು. ಒಪ್ಪಿಕೊಂಡಳು ಎಂದುಕೊಂಡೆ.

ಕುರಾಟೋರ್ ಕೋಣೆಯಲ್ಲಿ ಕಾಫಿ, ದಾಲ್ಚಿನ್ನಿ ಬನ್ನು ಇಟ್ಟಿದ್ದರು. ನನ್ನ ವಯಸ್ಸಿನ ಹೆಂಗಸು, ಮೆತ್ತಗಿನ ದನಿ. ಆ ಮೆತ್ತಗಿನ ದನಿಯೇ ನನಗೆ ಇನ್ನಷ್ಟು ಭಯ ಹುಟ್ಟಿಸಿತು. ಮಗಳ ಬಟ್ಟೆಬರೆಯ ಬಗ್ಗೆ ಮನೆಯಲ್ಲಿ ಮಾತಾಡುತ್ತೀರಾ ಎಂದು ಆಕೆ ಕೇಳಿದ್ದಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಪೂರಿ, ಎಣ್ಣೆ, ಸುಟ್ಟ ಗಾಯ ಎಲ್ಲವನ್ನೂ ನಾನೇ ಒಂದೇ ಉಸಿರಿಗೆ ಒಪ್ಪಿಸಿದೆ. ಆಕೆ ಪೆನ್ನು ಕೆಳಗಿಟ್ಟರು. ಇದು ಬರೀ ಫ್ಯಾಷನ್, ಗಾಯವೇನೂ ಇಲ್ಲ ಎಂದು ಮಗಳು ಮೊದಲ ವಾರವೇ ತಿಳಿಸಿದ್ದಳಂತೆ. ಇಬ್ಬರೂ ಎರಡು ಥರ ಹೇಳುತ್ತಿದ್ದೀರಿ, ಇದನ್ನು ನಾನು ಹೀಗೇ ಬಿಡುವಂತಿಲ್ಲ ಎಂದರು. ಮಗಳನ್ನು ಕಳೆದುಕೊಂಡೆ, ನನ್ನ ನಾಲಿಗೆಯಿಂದಲೇ ಕಳೆದುಕೊಂಡೆ ಅನಿಸಿತು.

ಆಗ ಮಗಳು ಕೈಯನ್ನು ನನ್ನ ಮುಂದೆ ಚಾಚಿದಳು. ಅಮ್ಮನೇ ಬಿಚ್ಚಲಿ ಎಂದು ಸ್ವೀಡಿಷ್‌ನಲ್ಲಿ ಹೇಳಿದಳು. ಬ್ಯಾಂಡೇಜಿನ ತುದಿ ಸಿಕ್ಕಲಿಲ್ಲ, ಅವಳೇ ತೋರಿಸಿದಳು. ಒಂದು ಸುತ್ತು, ಎರಡು ಸುತ್ತು, ಕೊನೆಯ ಸುತ್ತು. ಒಳಗೆ ಏನೂ ಇರಲಿಲ್ಲ. ಮೂರು ವಾರ ಗಾಳಿ ಬೆಳಕು ಕಾಣದ ಚರ್ಮ ಸ್ವಲ್ಪ ಬಿಳಿಚಿಕೊಂಡಿತ್ತು. ನಾನು ಅತ್ತುಬಿಟ್ಟೆ. ಸುಳ್ಳು ಯಾಕೆ ಹೇಳಿದಿರಿ ಎಂದು ಆಕೆ ಕೇಳಿದರು. ಭಯಕ್ಕೆ ಎಂದೆ. ಯಾರ ಭಯ? ನಿಮ್ಮದೇ ಎಂದೆ. ಆಕೆ ಅದನ್ನೂ ಬರೆದುಕೊಂಡರು. ಎರಡು ವಾರ ಬಿಟ್ಟು ಮತ್ತೆ ಬನ್ನಿ, ಸದ್ಯಕ್ಕೆ ನಾನು ಎಲ್ಲಿಗೂ ತಿಳಿಸುವುದಿಲ್ಲ ಎಂದು ಬಾಗಿಲವರೆಗೂ ಬಂದು ಬೀಳ್ಕೊಟ್ಟರು.

ವಾಪಸ್ಸು ಬರುವಾಗ ಮೆಟ್ರೋದಲ್ಲಿ ಬ್ಯಾಂಡೇಜು ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಗಂಡನಿಗೆ ಫೋನ್ ಮಾಡೋಣ, ಗಂಡಾಂತರ ಕಳೆಯಿತು ಎಂದು ಹೇಳೋಣ ಎಂದು ಯೋಚಿಸುತ್ತಿದ್ದೆ. ಮನೆಯಲ್ಲಿ ಎಲ್ಲಕ್ಕೂ ಸ್ವೀಡಿಷ್‌ನಲ್ಲೋ ಇಂಗ್ಲಿಷ್‌ನಲ್ಲೋ ಉತ್ತರ ಕೊಡುವ ಹುಡುಗಿ ಕನ್ನಡದಲ್ಲಿ ಶುರುಮಾಡಿದಳು.

"ಅಮ್ಮ, ಒಳಗೆ ಗಾಯ ಇದೆ ಅಂತಾನೇ ಅನ್ಕೊಂಡಿದ್ಯಲ್ಲ?"

"ಹೂಂ."

"ಆದ್ರೂ ನೋವಾಗ್ತಿದ್ಯಾ ಅಂತ ಒಂದ್ಸಲಾನೂ ಕೇಳ್ಲಿಲ್ಲ. ನೀನು ಕೇಳ್ತೀಯೇನೋ ಅಂತಾನೇ ಮನೇಲೂ ತೆಗೀತಿರ್ಲಿಲ್ಲ."

ಗಾಯವಿಲ್ಲದ ಆ ಕೈಯನ್ನು ಹಿಡಿದುಕೊಂಡು, ನೋವಾಗ್ತಿದ್ಯಾ ಎಂದು ಕೇಳಿದೆ. ಈಗ ಯಾಕೆ ಎಂದು ನಕ್ಕುಬಿಡುತ್ತಾಳೆ ಎಂದುಕೊಂಡಿದ್ದೆ. ಅವಳು ಕಿಟಕಿಯ ಕಡೆ ತಿರುಗಿದಳು.

"ಸ್ವಲ್ಪ," ಅಂದಳು.

ಆ ಒಂದು ಮಾತಿನ ಮುಂದೆ ಮೂರು ವಾರದ ಭಯ ಭಯವೇ ಅಲ್ಲ ಅನಿಸಿತು. ಎಲ್ಲಿ ಎಂದು ಕೇಳಿದೆ, ಅವಳು ನಿಧಾನವಾಗಿ ಹೇಳತೊಡಗಿದಳು. ನಾವು ಇಳಿಯಬೇಕಾದ ಕಿಸ್ಟಾ ಬಂತು, ಬಾಗಿಲು ತೆರೆದು ಮುಚ್ಚಿಕೊಂಡಿತು. ನಾವು ಏಳಲಿಲ್ಲ.