ಅಡುಗೆಮನೆಯ ಕಿಟಕಿಯಲ್ಲಿ ಎರಡು ಪ್ಲೇಯರ್

ಕೋವಿಡ್ ಕಳೆದು ಮುಂಬಯಿಯ ಹೋಟೆಲುಗಳು ಮತ್ತೆ ತುಂಬತೊಡಗಿದ್ದ ವರ್ಷ ಅದು. ನಾನು ವಿಕ್ರೋಳಿಯ ಒಂದು ಸಣ್ಣ ಕಂಪನಿಯಲ್ಲಿ ಡಿಸೈನ್ ಇಂಜಿನಿಯರ್ ಆಗಿದ್ದೆ. ನಾವು ತಯಾರಿಸುತ್ತಿದ್ದುದು ಸ್ನಾನದ ಸೋಪಿನಷ್ಟೇ ಇರುವ ಡಿಜಿಟಲ್ ಮ್ಯೂಸಿಕ್ ಪ್ಲೇಯರ್. ಪರದೆ ಇಲ್ಲ, ಇಂಟರ್‌ನೆಟ್ ಇಲ್ಲ. ಮೆಮೊರಿ ಕಾರ್ಡಿನಲ್ಲಿ ಹಾಡು ತುಂಬಿಕೊಟ್ಟರೆ ಪುಟ್ಟ ಸ್ಪೀಕರಿನಿಂದ ಹಾಡುತ್ತದೆ, ಅಷ್ಟೇ. ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಇದನ್ನು ಯಾರು ಕೊಳ್ಳುತ್ತಾರೆ ಎಂದು ನೆಂಟರು ಕೇಳುತ್ತಿದ್ದರು. ನಮ್ಮ ಮಾಲೀಕರಿಗೂ ಅದೇ ಪ್ರಶ್ನೆ. ದೀಪಾವಳಿಯೊಳಗೆ ದೊಡ್ಡ ಆರ್ಡರ್ ಒಂದು ಬರದಿದ್ದರೆ ಪ್ಲೇಯರ್ ವಿಭಾಗ ಮುಚ್ಚಿ, ನಮ್ಮನ್ನೆಲ್ಲ ಚಾರ್ಜರ್ ವಿಭಾಗಕ್ಕೆ ಹಾಕುವುದಾಗಿ ಹೇಳಿಬಿಟ್ಟಿದ್ದರು. ಚಾರ್ಜರ್ ಮಾಡುವುದು ಕೆಟ್ಟ ಕೆಲಸವೇನಲ್ಲ. ಆದರೆ ಅದು ಹಾಡುವುದಿಲ್ಲ.

ಇದೇ ವ್ಯಾಪಾರದ ಇನ್ನೊಂದು ಕಂಪನಿ ಗೋರೆಗಾಂವಿನಲ್ಲಿತ್ತು. ಅಲ್ಲಿಯ ಇಂಜಿನಿಯರ್ ದಿನೇಶ. ಮೊದಲು ನನ್ನ ಪಕ್ಕದ ಮೇಜಿನಲ್ಲೇ ಇದ್ದು, ನನ್ನ ಡಬ್ಬಿಯ ನೀರುದೋಸೆ ತಿಂದು, ಆಮೇಲೆ ಅಲ್ಲಿಗೆ ಹಾರಿದವನು. ಅವನು ಹೋದದ್ದಕ್ಕೆ ನನಗೆ ಸಿಟ್ಟಿರಲಿಲ್ಲ; ಹೋದಮೇಲೂ ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಇತ್ತು. ಅವನ ಪ್ಲೇಯರಿನ ಬಟನ್ ಒತ್ತಿದರೆ 'ಟಕ್' ಎಂದು ಹಿತವಾದ ಸದ್ದು ಬರುತ್ತಿತ್ತು. ಎಷ್ಟು ಹೆಣಗಿದರೂ ನನ್ನದಕ್ಕೆ ಅದು ಬರಲಿಲ್ಲ. ಎದುರಾಳಿಯ ಮಾಲನ್ನು ಕೊಂಡು ಬಿಚ್ಚಿ ನೋಡುವುದು ನಮ್ಮ ವೃತ್ತಿಯಲ್ಲಿ ಮಾಮೂಲು. ಅದಕ್ಕೆ ಟೇರ್‌ಡೌನ್ ಎನ್ನುತ್ತಾರೆ. ಅವನ ಪ್ಲೇಯರನ್ನು ಬಿಚ್ಚಿದಷ್ಟು ಸಲ ನಾನು ನನ್ನ ಮದುವೆ ಸೀರೆಯ ಮಡಿಕೆಯನ್ನೂ ಬಿಚ್ಚಿದ್ದಿಲ್ಲ.

ಆಗ ವಿಠಲ ಶೆಟ್ಟರಿಂದ ಕರೆ ಬಂತು. ಉಡುಪಿ ಕಡೆಯವರು, ಉಪನಗರಗಳಲ್ಲಿ ಸಾಲು ಹೋಟೆಲುಗಳನ್ನು ನಡೆಸುವವರು. ಒಬ್ಬ ಅಡುಗೆಯವನ ಮೊಬೈಲ್ ಸಾಂಬಾರಿನ ಹಂಡೆಗೆ ಬಿದ್ದಂದಿನಿಂದ ಅವರ ಅಡುಗೆಮನೆಗಳಲ್ಲಿ ಮೊಬೈಲ್ ಬಂದ್. ಹಾಡಿಲ್ಲದೆ ಕೆಲಸಗಾರರ ಮುಖ ಊದಿಕೊಂಡಿತ್ತು. ಗೋರೆಗಾಂವಿನ ದೊಡ್ಡ ಹೋಟೆಲಿನಲ್ಲಿ, ವೇಟರುಗಳು ಆರ್ಡರ್ ಕೂಗುವ ಕಿಟಕಿಯ ಪಕ್ಕ ನನ್ನದೊಂದು, ದಿನೇಶನದೊಂದು ಪ್ಲೇಯರ್ ನೇತುಹಾಕಿಸಿದರು. ಅಡುಗೆಯವರು ಮೆಚ್ಚಿದ್ದು ಎಲ್ಲ ಹೋಟೆಲುಗಳಿಗೆ.

ಮೊದಲ ವಾರವೇ ದೂರು ಬಂತು. ಎಕ್ಸಾಸ್ಟ್ ಫ್ಯಾನಿನ ಸದ್ದಿನಲ್ಲಿ ದಿನೇಶನದು ಕೇಳಿಸುತ್ತದೆ, ನನ್ನದು ಕೇಳಿಸುವುದಿಲ್ಲ. ಹೊಟ್ಟೆ ಉರಿಯಿತು. ಫರ್ಮ್‌ವೇರ್, ಅಂದರೆ ಯಂತ್ರದೊಳಗೆ ಕೂತು ಅದನ್ನು ನಡೆಸುವ ಪ್ರೋಗ್ರಾಂ, ಅದನ್ನು ತಿದ್ದಿ ದನಿ ಏರಿಸಿದೆ. ಅವನೂ ಏರಿಸಿದ. ನಾನು ಸ್ಪೀಕರ್ ಬದಲಿಸಿದೆ. ಅವನು ಅದಕ್ಕಿಂತ ದೊಡ್ಡದನ್ನು ತುರುಕಿದ. ಒಂದು ದಿನ ಇಬ್ಬರೂ ಲ್ಯಾಪ್‌ಟಾಪ್ ಸಮೇತ ಹೋಟೆಲಿನಲ್ಲೇ ಎದುರಾದೆವು.

"ಅರೆ ಶೈಲಾ, ಕಾಫಿಗೆ ಬಂದ್ಯಾ? ವಿಕ್ರೋಳಿಯಲ್ಲಿ ಕಾಫಿ ಬಂದ್ ಆಯ್ತಾ?" ಎಂದ.

"ನಿನ್ನ ಡಬ್ಬ ಕಿರುಚೋದು ಅಲ್ಲಿ ತನಕ ಕೇಳಿಸ್ತು. ಯಾರಿಗೆ ಏನಾಯ್ತೋ ಅಂತ ನೋಡೋಕೆ ಬಂದೆ" ಎಂದೆ.

ಆ ಭಾನುವಾರ ಬೆಳಗಿನ ತಿಂಡಿಯ ನೂಕುನುಗ್ಗಲಿನಲ್ಲಿ ಎರಡೂ ಒಟ್ಟಿಗೆ ಹಾಡಿದವು: ನನ್ನದರಲ್ಲಿ ಭಜನೆ, ಅವನದರಲ್ಲಿ ಯಕ್ಷಗಾನದ ಪದ. ವೇಟರುಗಳು ಗಂಟಲು ಹರಿಯುವಂತೆ ಕೂಗಿದರೂ ದೋಸೆ ಹುಯ್ಯುವ ಸೀನಣ್ಣನಿಗೆ ಕೇಳಲಿಲ್ಲ. ಮೈಸೂರು ಮಸಾಲೆ ಹೇಳಿದವರಿಗೆ ಸೆಟ್ ದೋಸೆ ಹೋಯಿತು, ಉಪ್ಪಿಟ್ಟಿನವರಿಗೆ ಏನೂ ಹೋಗಲಿಲ್ಲ. ಗಿರಾಕಿಗಳು ಎದ್ದು ನಡೆದರು. ಶೆಟ್ಟರು ನಮ್ಮಿಬ್ಬರನ್ನೂ ಕರೆಸಿದರು.

"ನಾನು ಹೇಳಿದ್ದು ಹಾಡಿಗೆ, ಜಗಳಕ್ಕೆ ಅಲ್ಲ ಮಾರಾಯ್ರೆ. ಹೊಟ್ಟೆಕಿಚ್ಚಲ್ಲಿ ದೋಸೆ ಬೇಯುದಿಲ್ಲ. ಎರಡನ್ನೂ ತಕೊಂಡು ಹೋಗಿ."

ದಿನೇಶ ತನ್ನದನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ನಾನು ನನ್ನದನ್ನು ಬಿಚ್ಚಿಕೊಳ್ಳುವಾಗ ನೋಡಿದೆ: ದನಿ ತಗ್ಗಿಸುವ ಬಟನ್ನಿನ ಮೇಲೆ ದೋಸೆ ಹಿಟ್ಟು ಒಣಗಿ ಗಟ್ಟಿಯಾಗಿತ್ತು. ಉಳಿದ ಬಟನ್‌ಗಳು ಸ್ವಚ್ಛ.

"ಇದೆಂತ ಸೀನಣ್ಣ?"

"ಆರ್ಡರ್ ಬರುವಾಗ ಮೊಣಕೈಲಿ ಒತ್ತಿ ತಗ್ಗಿಸುದು. ಕೈ ತುಂಬ ಹಿಟ್ಟಲ್ವಾ, ಮೊಣಕೈ ತನಕ. ಈಗ ಎರಡು ಡಬ್ಬ ಕೊಟ್ಟಿದ್ದೀರಿ, ಎರಡೂ ಮೊಣಕೈ ಅಲ್ಲಿಗೇ ಆಯ್ತು. ದೋಸೆ ಮಗುಚುದು ಯಾರು?"

ನಗು ಬರಬೇಕಿತ್ತು. ಬಂದದ್ದು ಹೆದರಿಕೆ. ದಿನೇಶ ಒಯ್ದ ಪ್ಲೇಯರಿನ ಮೇಲೂ ಅದೇ ಹಿಟ್ಟು ಇರುತ್ತದೆ, ಒರೆಸುವಾಗ ಅವನಿಗೂ ಹೊಳೆಯುತ್ತದೆ! ಲೋಕಲ್ ಹಿಡಿದು ದಾದರಿನಲ್ಲಿ ಗಾಡಿ ಬದಲಿಸುವಷ್ಟು ತಾಳ್ಮೆ ಇರಲಿಲ್ಲ. ಆಟೋ ಹತ್ತಿ ನೇರ ವಿಕ್ರೋಳಿಗೆ ಹೋದೆ.

ನಮ್ಮ ಪ್ಲೇಯರಿನಲ್ಲಿ ಧ್ವನಿ ರೆಕಾರ್ಡ್ ಮಾಡಲೆಂದು ಒಂದು ಮೈಕ್ ಇತ್ತು. ಯಾರೂ ಅದನ್ನು ಬಳಸುತ್ತಿರಲಿಲ್ಲ. ಹತ್ತಿರದಲ್ಲಿ ಮಾತು ಕೇಳಿಸಿದೊಡನೆ ಹಾಡು ತಾನಾಗಿ ತಗ್ಗಿ, ಮಾತು ನಿಂತೊಡನೆ ಮೇಲೇಳುವಂತೆ ಅದಕ್ಕೆ ಪ್ರೋಗ್ರಾಂ ಬರೆದೆ. ಇದಕ್ಕೆ ಡಕಿಂಗ್ ಎನ್ನುತ್ತಾರೆ, ಹೊಸ ವಿದ್ಯೆಯೇನಲ್ಲ. ಫ್ಯಾನಿನ ಮೊರೆತವನ್ನು ಮಾತೆಂದು ತಿಳಿಯದಂತೆ ಮಾಡುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಮಾಡುವಾಗೆಲ್ಲ ಕಣ್ಣ ಮುಂದೆ ಇದ್ದದ್ದು ಸೀನಣ್ಣನಲ್ಲ, ದಿನೇಶ.

ಶೆಟ್ಟರು ಒಲ್ಲದ ಮನಸ್ಸಿನಿಂದ ಒಂದೇ ಒಂದು ಬೆಳಗಿನ ಅವಕಾಶ ಕೊಟ್ಟರು. ಭಜನೆ ಶುರುವಾಯಿತು. ವೇಟರ್ ಕಿಟಕಿಗೆ ಬಾಯಿಟ್ಟು "ಎರಡು ಮಸಾಲೆ, ಒಂದು ಸೆಟ್" ಎಂದ. ಹಾಡು ತಗ್ಗಿತು, ಮತ್ತೆ ಎದ್ದಿತು. ಅಭ್ಯಾಸಬಲದಿಂದ ಮೊಣಕೈ ಎತ್ತಿದ್ದ ಸೀನಣ್ಣ ಅದನ್ನು ಹಾಗೇ ಇಳಿಸಿ ದೋಸೆ ಮಗುಚಿದ. ಆರ್ಡರ್ ನಮಗೇ ಬಂತು. ನಮ್ಮ ವಿಭಾಗ ಉಳಿಯಿತು. ದಿನೇಶ ವಾಟ್ಸಾಪ್ ಕಳಿಸಿದ್ದ: 'ಮೈಕ್ ನನ್ನದರಲ್ಲೂ ಇತ್ತು ಯಾರ್.' ಆ ಒಂದು ಸಾಲನ್ನು ನಾನು ಮತ್ತೆ ಮತ್ತೆ ಓದಿ ಸುಖಪಟ್ಟೆ.

ಕೆಲವು ತಿಂಗಳ ಮೇಲೆ ಅದೇ ಹೋಟೆಲಿಗೆ ಕಾಫಿಗೆ ಹೋದೆ. ಅಡುಗೆಮನೆಯಲ್ಲಿ ನನ್ನ ಪ್ಲೇಯರ್ ಹಾಡುತ್ತಿತ್ತು. ಬಿಲ್ ಕೊಡಲು ಗಲ್ಲಾದ ಹತ್ತಿರ ಹೋದರೆ, ದೇವರ ಪಟದ ಕೆಳಗೆ ಶೆಟ್ಟರ ಪಕ್ಕದಲ್ಲೇ ದಿನೇಶನ ಪ್ಲೇಯರ್ ಕೂತಿತ್ತು. ಶೆಟ್ಟರು ಅದರ ಜೊತೆ ಗುನುಗುತ್ತಿದ್ದರು.

"ಇದೆಂತ ಶೆಟ್ರೆ?"

"ಅವರತ್ರ ಒಂದು ಕೊಂಡೆ. ನಿಮ್ಮದು ಮಾತು ಬಂದ್ರೆ ತಗ್ಗುತ್ತದಲ್ವಾ ಮೇಡಂ. ಗಲ್ಲಾದಲ್ಲಿ ಕೂತ್ರೆ ಇಡೀ ದಿನ ಮಾತೇ. ಮತ್ತೆ ನಾನು ಹಾಡು ಕೇಳುದು ಯಾವಾಗ?"

ಗೆದ್ದರೆ ಮತ್ಸರ ಆರುತ್ತದೆ ಎಂದುಕೊಂಡಿದ್ದೆ. ಅಷ್ಟೂ ಅಡುಗೆಮನೆಗಳು ನನ್ನವಾಗಿದ್ದರೂ ಆ ಒಂದು ಗಲ್ಲಾ ನನ್ನ ನಿದ್ದೆ ಕೆಡಿಸಿತು. ಮತ್ಸರ ನಮ್ಮ ಮೇಜಿನ ಮೇಲಿನ, ತಂತಿಗೆ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಇದ್ದ ಹಾಗೆ. ಬಿಸಿ ಇಲ್ಲದೆ ಕೆಲಸವಾಗದು, ಹಿಡಿಯಬೇಕಾದದ್ದು ಮಾತ್ರ ಹಿಡಿಯ ಕಡೆಯಿಂದ. ಕೆಲಸ ಕಲಿಸಿದ್ದು ಇದನ್ನೇ. ಪೂರ್ತಿ ಕಲಿತೆನೆಂದು ಹೇಳಲಾರೆ. ಅಂದು ಚಿಲ್ಲರೆ ಎಣಿಸಲು ಶೆಟ್ಟರು ತಲೆ ತಗ್ಗಿಸಿದಾಗ, ಆ ಪ್ಲೇಯರಿನ ಬಟನ್ ಒಮ್ಮೆ ಒತ್ತಿ ನೋಡಿದೆ. ಟಕ್ ಎಂದಿತು, ಹಿತವಾಗಿ.