ಬರೆಯುವ ಕೈ

ಗಂಡನ ಮಾಂಸದಂಗಡಿಯಲ್ಲಿ ಕಡಿಯುವ ಕೆಲಸ ಅವಳದು. ಬೆಳಿಗ್ಗೆ ಆರಕ್ಕೆ ಮಚ್ಚು ಹಿಡಿದರೆ ಮಧ್ಯಾಹ್ನ ಎರಡರ ತನಕ ಕೆಳಗಿಡುವ ಮಾತೇ ಇಲ್ಲ. ಗಿರಾಕಿಗಳಿಗೆಲ್ಲ ಅವಳು ಮಚ್ಚಕ್ಕ.

ಹುಟ್ಟಾ ಎಡಚಿ. ಆದರೆ ಅಂಗಡಿಯಲ್ಲಿ ಕಡಿಯುವ ಕೊರಡು ಎಡಗೋಡೆಗೆ ಅಂಟಿಕೊಂಡಿತ್ತು. ಎಡಗೈ ಎತ್ತಿದರೆ ಮೊಣಕೈ ಗೋಡೆಗೆ ಬಡಿಯುತ್ತಿತ್ತು. ಕೊರಡನ್ನು ಒಂದು ಮೊಳ ಈಚೆಗೆ ಎಳೆದಿದ್ದರೆ ಮುಗಿಯುತ್ತಿತ್ತು. ಆ ಮಹಾರಾಯನಿಗೆ ಅಷ್ಟು ವ್ಯವಧಾನವೆಲ್ಲಿ? ಮಚ್ಚು ಎಡಗೈಗೆ ಹೋದಾಗಲೆಲ್ಲ ಮಾಂಸ ನೇತುಹಾಕುವ ಕೊಕ್ಕೆಯ ಹಿಡಿಯಿಂದ ಅವಳ ಬೆನ್ನಿಗೆ ಬಾರಿಸಿದ. ಮದುವೆಯಾದ ತಿಂಗಳೊಳಗೆ ಬಲಗೈ ಪಳಗಿತು. "ನಮ್ಮವಳ ಎಡಚುತನ ನಾನೇ ಬಿಡಿಸಿದ್ದು" ಎಂದು ಹನ್ನೆರಡು ವರ್ಷ ಗಿರಾಕಿಗಳ ಮುಂದೆ ಮೀಸೆ ತಿರುವಿದ.

ಪಿಯುಸಿ ಮುಗಿಯುವ ಮೊದಲೇ ಅವಳ ಮದುವೆಯಾಗಿತ್ತು. ಅವಳ ಅಕ್ಕ ಜಮೀನು ಅಳತೆ ಕಚೇರಿಯಲ್ಲಿ ನಕ್ಷೆ ಬಿಡಿಸುವವಳು. ತಂಗಿಯ ಕುತ್ತಿಗೆಯ ಮೇಲೆ ಬೆರಳ ಗುರುತು ಕಂಡ ದಿನ ಅವಳೇ ಹೇಳಿದ್ದು.

"ನಿಂಗೆ ಬಾಕಿ ಇರೋದು ಗಣಿತದ ಪೇಪರ್ ಒಂದೇ ಕಣೇ, ಆ ಕ್ಯಾಲ್ಕುಲಸ್ಸಿಂದು. ಅದು ಪಾಸಾದ್ರೆ ಅಳತೆ ತರಬೇತಿಗೆ ತಗೋತಾರೆ. ಹಾಸ್ಟೆಲ್ಲೂ ಕೊಡ್ತಾರೆ. ಹೊಡೆತ ತಿಂದ್ಕೊಂಡು ಎಷ್ಟು ದಿನ ಅಂತ ಅಲ್ಲೇ ಇರ್ತೀಯ?"

ಗಂಡ ಎರಡರಿಂದ ಐದರವರೆಗೆ ಗೊರಕೆ ಹೊಡೆಯುತ್ತಿದ್ದ. ಆ ಹೊತ್ತಿನಲ್ಲಿ ಅವಳು ಜೂನಿಯರ್ ಕಾಲೇಜಿನ ಹಿಂದಿನ ಬೆಂಚಿನಲ್ಲಿರುತ್ತಿದ್ದಳು. ಲೆಕ್ಕ ಬಿಡಿಸುವುದು ಮಾತ್ರ ಅಂಗಡಿಯ ಕೋಲ್ಡ್ ರೂಮಿನಲ್ಲಿ, ಸ್ವೆಟರ್ ತೊಟ್ಟು, ತೂಗುಹಾಕಿದ ತೊಡೆಗಳ ನಡುವೆ. ಗಂಡನ ಎದೆಗೆ ಚಳಿ ಆಗದು, ಒಳಗೆ ಕಾಲಿಡುತ್ತಿರಲಿಲ್ಲ.

ಕ್ಲಾಸಿನ ಹುಡುಗಿಯರು ಮೊದಮೊದಲು ಕೊಬ್ಬಿನ ವಾಸನೆಗೆ ಮೂಗು ಮುಚ್ಚಿಕೊಂಡರು. ಒಂದು ದಿನ ಮೇಡಂ ಬೋರ್ಡಿನ ಮೇಲೆ ಅಂಕುಡೊಂಕು ಹೂಜಿಯೊಂದನ್ನು ಬರೆದು, ಇದರ ಗಾತ್ರ ಕಂಡುಹಿಡಿಯುವುದು ಹೇಗೆ ಎಂದು ಕೇಳಿದರು.

"ಅಡ್ಡಡ್ಡ ಹೋಳು ಮಾಡಿ, ಒಂದೊಂದೇ ಅಳೆದು ಕೂಡಿಸೋದು ಮೇಡಂ" ಎಂದಳು ಮಚ್ಚಕ್ಕ. "ಹೋಳು ತೆಳ್ಳಗಾದಷ್ಟೂ ತಪ್ಪು ಕಮ್ಮಿ."

ಮೂರು ವಾರ ಕಲಿಸಬೇಕಾದದ್ದನ್ನು ಒಂದೇ ಮಾತಲ್ಲಿ ಹೇಳಿಬಿಟ್ಟೆಯಲ್ಲ ಎಂದು ಮೇಡಂ ನಕ್ಕರು. ಆಮೇಲೆ ಯಾರೂ ಮೂಗು ಮುಚ್ಚಲಿಲ್ಲ. ಅಷ್ಟು ಸಂತೋಷ ಅವಳಿಗೆ ಆ ಹನ್ನೆರಡು ವರ್ಷದಲ್ಲಿ ಆಗಿರಲಿಲ್ಲ.

ಪರೀಕ್ಷೆಗೆ ಒಂದು ದಿನ ಇರುವಾಗ ಕೋಲ್ಡ್ ರೂಮಿನ ಯಂತ್ರ ಕೆಟ್ಟಿತು. ನೋಡಲು ಒಳಗೆ ಹೋದ ಗಂಡನಿಗೆ ಕೊಬ್ಬಿನ ಡಬ್ಬದ ಹಿಂದೆ ನೋಟ್‌ಬುಕ್ಕು ಸಿಕ್ಕಿತು, ಅದರೊಳಗೆ ಹಾಲ್ ಟಿಕೆಟ್ಟು. ಅವನು ನೋಟ್‌ಬುಕ್ಕನ್ನು ಹರಿದುಹಾಕಿದ. ಅವಳ ಜಡೆ ಹಿಡಿದು ತಲೆಯನ್ನು ಕಬ್ಬಿಣದ ಬಾಗಿಲಿಗೆ ಎರಡು ಸಲ ಚಚ್ಚಿದ. ಹುಬ್ಬು ಒಡೆದು ಒಂದು ಕಣ್ಣಿಗೆ ರಕ್ತ ಇಳಿಯಿತು. ದರದರ ಎಳೆದು ತಂದು ಕೊರಡಿನ ಮುಂದೆ ಕೆಡವಿದ.

"ನನ್ನ ಕಣ್ಣಿಗೇ ಮಣ್ಣೆರಚಿ ಓದ್ತಿದ್ದೀಯಾ? ನಾಳೆ ಅದ್ಹೇಗೆ ಬರೀತೀಯೋ ನೋಡ್ತೀನಿ. ಬರೆಯೋ ಕೈ ಇಡು ಇಲ್ಲಿ."

ಅವಳು ಒಂದು ಕ್ಷಣ ಅವನ ಮುಖವನ್ನೇ ನೋಡಿದಳು. ಇವನಿಗೆ ನಿಜವಾಗಿಯೂ ಗೊತ್ತಿಲ್ಲ. ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದು ಹೆಂಡತಿ ಒಂದು ಸಾಲು ಬರೆಯುವುದನ್ನೂ ನೋಡಿದವನಲ್ಲ. ಎಡಗೈಯನ್ನು ಸೊಂಟದ ಹಿಂದೆ ಮುಷ್ಟಿ ಕಟ್ಟಿ, ಬಲಗೈಯನ್ನು ಕೊರಡಿನ ಮೇಲಿಟ್ಟಳು. ಅವನು ಮಚ್ಚನ್ನು ತಿರುವಿ ಹಿಂಬದಿಯಿಂದ ಹೊಡೆದ. ಮೂಳೆ ಲಟಕ್ಕೆಂದದ್ದು ಅಂಗಡಿಯ ಹೊರಗೂ ಕೇಳಿಸಿತು. ಅವನು ಇನ್ನೊಂದು ಸಲ ಹೊಡೆದ.

ಮಾರನೆಯ ದಿನ ಅಕ್ಕನೇ ಅವಳನ್ನು ಆಸ್ಪತ್ರೆಯಿಂದ ಪರೀಕ್ಷೆಗೆ ಕರೆತಂದಳು. ಹಾಲ್ ಟಿಕೆಟ್ಟಿನ ಬೇರೆ ಪ್ರತಿ ತಂದುಕೊಟ್ಟ ಮೇಡಂ ಮೊಣಕೈವರೆಗಿನ ಪ್ಲಾಸ್ಟರ್ ಕಂಡು ಅವಳ ಹೆಗಲು ಹಿಡಿದುಕೊಂಡರು.

"ಬರೆಯೋಕೆ ಯಾರನ್ನಾದ್ರೂ ಕೊಡ್ಸಲಾ?"

"ಬೇಡ ಮೇಡಂ. ಅವ್ರು ಮುರಿದಿದ್ದು ಅವ್ರ ಅಂಗಡೀಲಿ ಕಡಿಯೋ ಕೈನ."

ಮೂರು ಗಂಟೆ ತಲೆ ಎತ್ತದೆ ಬರೆದಳು. ಹೊಲಿಗೆ ಹಾಕಿದ ಹುಬ್ಬಿನಿಂದ ಕೊನೆಯ ಪುಟದ ಮೇಲೆ ಎರಡು ಹನಿ ರಕ್ತ ಬಿತ್ತು. ಒರೆಸಿದರೆ ಅಂಕಿ ಅಳಿಸೀತೆಂದು ಹಾಗೇ ಬಿಟ್ಟಳು.

ಅಲ್ಲಿಂದ ಅಕ್ಕತಂಗಿಯರು ನೆಟ್ಟಗೆ ಪೊಲೀಸ್ ಠಾಣೆಗೆ ಹೋದರು. ಪೇದೆ ಪ್ಲಾಸ್ಟರ್ ನೋಡಿ, "ನೀವು ಬಾಯಲ್ಲಿ ಹೇಳ್ತಾ ಹೋಗಿ, ನಾನು ಬರ್ಕೋತೀನಿ" ಎಂದ.

ಮಚ್ಚಕ್ಕ ಎಡಗೈ ಚಾಚಿ ಪೆನ್ನು ಕೇಳಿದಳು.