ಅಫಿಡವಿಟ್‌ನಲ್ಲಿ ಇಲ್ಲದ ಎರಡು ವರ್ಷ

ಹೋದ ವರ್ಷ ಜೂನ್ ತಿಂಗಳ ಒಂದು ಸೋಮವಾರ, ಬೆಳಗ್ಗೆ ಹನ್ನೊಂದೂಕಾಲಿಗೆ, ನಾನು ಶಹಾಪುರದ ಕೋರ್ಟಿನ ಹೊರಗೆ, ಬೇವಿನ ಮರದ ಕೆಳಗಿನ ಟೈಪಿಸ್ಟರ ಮೇಜಿನ ಎಡಗಡೆ ನಿಂತಿದ್ದೆ. ನನ್ನ ಬಲಕ್ಕೆ ತಂಗಿ ಇದ್ದಳು. ಒಂದು ಹೆಜ್ಜೆ ಹಿಂದೆ ನನ್ನ ಹೆಂಡತಿಯ ಸೋದರಮಾವ ನಿಂತಿದ್ದರು. ತಮ್ಮ ಹೊಲದ ಕಾಗದದ ಕೆಲಸಕ್ಕೆ ಬಂದಿದ್ದ ಅವರು ನಮ್ಮನ್ನು ಕಂಡು ಮಾತಾಡಿಸಲು ನಿಂತಿದ್ದರು. ಅವರು ಅಲ್ಲಿ ಇಲ್ಲದಿದ್ದರೆ ನಾನು ಆ ಮಾತು ಆಡುತ್ತಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಈಗ ಹೇಳಿಕೊಳ್ಳುವುದಿಲ್ಲ. ಆಡಿದವನು ನಾನು.

ತಂಗಿ ಡೇಟಾ ಸೈನ್ಸ್ ಎಂ.ಎಸ್ಸಿ.ಗೆ ಅರ್ಜಿ ಹಾಕುತ್ತಿದ್ದಳು. ಸುರಪುರದ ನಮ್ಮ ಮನೆಯಿಂದಲೇ ಓಡಾಡಿ ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಗಿತ್ತು. ಹೀಗೆ ಓದು ನಡುವೆ ನಿಂತಿದ್ದರೆ, ಆ ಅವಧಿಯಲ್ಲಿ ಏನು ಮಾಡುತ್ತಿದ್ದೆವೆಂದು ಬಾಂಡ್ ಪೇಪರ್ ಮೇಲೆ ಪ್ರಮಾಣ ಮಾಡಿ ಕೊಡಬೇಕು. ಅದಕ್ಕೆ ಗ್ಯಾಪ್ ಅಫಿಡವಿಟ್ ಅನ್ನುತ್ತಾರೆ. ನನ್ನ ಆಫೀಸು ಶಹಾಪುರದಲ್ಲಿ. ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಇಂಥ ಕಾಗದಗಳ ನಡುವೆಯೇ ಬದುಕುವವನು. ಹಾಗಾಗಿ ಅವಳಿಗೆ ಇಲ್ಲಿಗೇ ಬಾ ಅಂದೆ. ಅವಳು ಯಾದಗಿರಿಯಿಂದ ಬಸ್ಸಿನಲ್ಲಿ ಬಂದಳು.

ಯಾದಗಿರಿಯಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆ ಕೋಣೆಯಲ್ಲಿದ್ದು, ಆ ಎರಡು ವರ್ಷ ಅವಳು ಕಡೇಚೂರಿನ ಒಂದು ಕಾರ್ಖಾನೆಗೆ ಹೋಗುತ್ತಿದ್ದಳು. ಲ್ಯಾಬಿನ ಕೆಲಸ. ಒಣಗಿಸಿದ ಪುಡಿಯಲ್ಲಿ ತೇವ ಎಷ್ಟಿದೆಯೆಂದು ಅಳೆದು ಕಂಪ್ಯೂಟರಿನಲ್ಲಿ ತುಂಬುವುದು. ಒಂದು ದಿನ ಅವಳು, ತಿರಸ್ಕಾರವಾಗಿ ವಾಪಸ್ ಬಂದ ಮಾಲನ್ನೂ ಯಂತ್ರ ನಿಲ್ಲಿಸಿದ ಸಮಯವನ್ನೂ ಅಕ್ಕಪಕ್ಕದ ಕಾಲಮ್ಮಿನಲ್ಲಿ ಇಟ್ಟು ನೋಡಿದಳಂತೆ. ಕೆಟ್ಟ ಮಾಲೆಲ್ಲ ಮೂರನೇ ಡ್ರೈಯರಿನದು, ಅದೂ ನಿಂತು ಮತ್ತೆ ಶುರುವಾದ ಮೇಲಿನ ಮೊದಲ ಸುತ್ತಿನದು. ಹೇಳಿದಳು, ಅವರು ಸರಿಪಡಿಸಿದರು. ಅವತ್ತೇ ಈ ಓದು ಓದಬೇಕೆಂದು ಅವಳಿಗೆ ಅನ್ನಿಸಿದ್ದು. ಅರ್ಜಿಯ ಜೊತೆಗಿನ ಪತ್ರದಲ್ಲಿ ಇದನ್ನೇ ಬರೆದಿದ್ದಳು. ಓದಿ ನೋಡು ಎಂದು ನನಗೆ ಎರಡು ಸಲ ಕಳಿಸಿದಳು. ಇಂಗ್ಲಿಷಿನಲ್ಲಿತ್ತು. ಆಮೇಲೆ ನೋಡಿದರಾಯಿತು ಅಂದುಕೊಂಡೆ.

ಆದರೆ ನಮ್ಮ ಬೀಗರಿಗೆಲ್ಲ ನಾನು ಹೇಳಿದ್ದು ಬೇರೆ. ತಂಗಿ ಯಾದಗಿರಿಯಲ್ಲಿ ಇದ್ದು ಪರೀಕ್ಷೆಗೆ ಓದುತ್ತಿದ್ದಾಳೆ, ಕೆಲಸಕ್ಕೆ ಹೋಗುವುದಿಲ್ಲ. ನಮ್ಮ ಮನೆಯ ಹುಡುಗಿ ಕಾರ್ಖಾನೆಯ ಬಸ್ ಹತ್ತುತ್ತಾಳೆ ಎಂಬುದು ನನಗೆ ನಾಚಿಕೆಯಾಗಿತ್ತು. ಹೆಂಡತಿಯ ಸೋದರಮಾವ ಆಗ ಅವಳಿಗೆ ಒಂದು ಸಂಬಂಧ ನೋಡುತ್ತಿದ್ದರು.

"ಎಂ.ಎಸ್ಸಿ. ಮುಗಿಯೋ ತನಕ ಆ ಹುಡುಗ ಕಾಯ್ತಾನೇನು ಅಳಿಯಾ? ತಲಿ ಮ್ಯಾಲಿನ ಕೂದಲ ಈಗೇ ಅರ್ಧ ಹೋಗ್ಯಾವು ಅವಂದು," ಎಂದು ಮಾವ ಅವತ್ತು ಮೇಜಿನ ಪಕ್ಕ ನಿಂತು ನಗುತ್ತಿದ್ದರು. ತಂಗಿಯೂ ನಕ್ಕಳು.

ಟೈಪಿಸ್ಟರು ಕನ್ನಡಕ ಏರಿಸಿ ಅವಳನ್ನು ಕೇಳಿದರು. "ಹೇಳವ್ವಾ, ಈ ಎರಡು ವರ್ಷ ಏನ್ ಮಾಡೀದಿ? ನೌಕರಿ ಮಾಡೀದೇನು?"

ಅವಳ ಬಲಗೈ ಬ್ಯಾಗಿನ ಜಿಪ್ಪಿನ ಮೇಲಿತ್ತು. ಒಳಗೆ ಕಾರ್ಖಾನೆಯ ಗೇಟ್ ಪಾಸು ಇತ್ತು. ಜಿಪ್ಪು ನಾಲ್ಕು ಬೆರಳಿನಷ್ಟು ತೆರೆದಿತ್ತು.

"ಪರೀಕ್ಷೆಗೆ ಓದ್ಕೋತ ಕುಂತಿದ್ಲರಿ," ಅಂದೆ ನಾನು. "ಎಲ್ಲೂ ಕೆಲಸಕ್ಕ ಹೋಗಿಲ್ಲ."

"ಮತ್ತ?" ಅಂದರು ಮಾವ. "ಅಣ್ಣ ಸರ್ಕಾರಿ ನೌಕರ ಅದಾನ. ಅಕಿ ಯಾಕ ದುಡಿಯಾಕ ಹೋಗ್ಲಿ?"

"ಛಲೋ ಆತು ಬಿಡ್ರಿ. ಮನ್ಯಾಗ ಕುಂತೋರಿಗೆ ಬರಿಯೋ ಮಜಕೂರು ತಯಾರೇ ಐತಿ, ಹೆಸರಷ್ಟೇ ಬದಲಿ ಮಾಡೋದು," ಅಂದರು ಟೈಪಿಸ್ಟರು.

ಜಿಪ್ಪು ಮುಚ್ಚಿತು. ಆ ಸದ್ದು ಕೇಳಿದ್ದು ನನಗೆ ನೆನಪಿದೆ. ಕಾಗದ ಹೊರಬಂತು. ಅವಳು ಸಹಿ ಮಾಡಿದಳು. ಸಾಕ್ಷಿಯ ಜಾಗದಲ್ಲಿ ನಾನು ಸಹಿ ಮಾಡಿದೆ. ಯಾರೂ ಕೇಳದಿದ್ದರೂ ಕೆಳಗೆ ನನ್ನ ಹುದ್ದೆಯನ್ನೂ ಬರೆದೆ. ಅದು ನನ್ನ ಅಭ್ಯಾಸ. ನೋಟರಿ ವಕೀಲರು ಒಳಗಿನ ಕೋಣೆಯಲ್ಲಿ ಕುಳಿತು ಅದನ್ನು ಗಟ್ಟಿಯಾಗಿ ಓದಿ, "ಇದೆಲ್ಲಾ ಖರೆ ಹೌದಲ್ಲವಾ?" ಎಂದು ತಂಗಿಯನ್ನು ಕೇಳಿದರು. ಅವಳು ನನ್ನ ಕಡೆ ನೋಡಿ ಹೌದೆಂದು ತಲೆಯಾಡಿಸಿದಳು.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ಕೇಳಿದಳು. "ಅಣ್ಣಾ, ಪತ್ರದಾಗ ಕೆಲಸದ್ದು ಬರದು ಕಳಿಸೀನಿ, ಇಂಟರ್‌ವ್ಯೂದಾಗ ಇದನ್ನ ತೆಗದು ಕೇಳಿದ್ರ?"

"ಯಾರ್ ಓದ್ತಾರ ಅದನ್ನ? ಫೈಲಿಗೆ ಬೇಕಷ್ಟೇ. ನಾ ದಿನಾ ನೋಡಾಕತ್ತಿಲ್ಲೇನು?"

ಓದಿದರು. ಜುಲೈನಲ್ಲಿ, ಒಂದು ಗುರುವಾರ ಮಧ್ಯಾಹ್ನ ಮೂರು ಗಂಟೆಗೆ, ಆನ್‌ಲೈನ್ ಸಂದರ್ಶನ ಇತ್ತು. ಅವಳ ಕೋಣೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವೆಂದು ನಮ್ಮ ಮನೆಗೇ ಬಂದಿದ್ದಳು. ಅವಳು ಊಟದ ಮೇಜಿನ ಮುಂದೆ ಕುಳಿತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ, ಕ್ಯಾಮೆರಾದಲ್ಲಿ ಕಾಣದ ಹಾಗೆ. ಇಂಗ್ಲಿಷಿನಲ್ಲಿ ಮಾತು ನಡೆಯಿತು. ಡ್ರೈಯರಿನ ಸಂಗತಿ ಹೇಳುವಾಗ ಅವಳು ಕೈಯಾಡಿಸುತ್ತ, ಕಾಲಮ್ಮುಗಳನ್ನು ಗಾಳಿಯಲ್ಲೇ ಬರೆದು ತೋರಿಸುತ್ತ ಹೇಳಿದಳು. ನನ್ನ ತಂಗಿಗೆ ಅಷ್ಟು ಬರುತ್ತದೆಂದು ನನಗೆ ಗೊತ್ತಾದದ್ದು ಅವತ್ತೇ.

ಆಮೇಲೆ ಒಬ್ಬ ಹೆಂಗಸಿನ ದನಿ, ಸಿಟ್ಟಿಲ್ಲದೆ, ಕೇಳಿತು: ನಿಮ್ಮ ಪತ್ರದಲ್ಲಿ ಎರಡು ವರ್ಷದ ಕೆಲಸವಿದೆ, ನೀವು ಪ್ರಮಾಣ ಮಾಡಿದ ಕಾಗದದಲ್ಲಿ ಕೆಲಸವೇ ಇಲ್ಲ. ಯಾವುದು ನಿಜ?

ತಂಗಿ ತಲೆ ಎತ್ತಿ ಬಾಗಿಲಿನ ಕಡೆ ನೋಡಿದಳು. ನಾನು ಎರಡು ಹೆಜ್ಜೆ ಮುಂದೆ ಬಂದು, ತಪ್ಪು ನನ್ನದು ಅನ್ನಬಹುದಿತ್ತು. ಸುಳ್ಳು ಪ್ರಮಾಣ, ಅದಕ್ಕೆ ಸರ್ಕಾರಿ ನೌಕರನ ಸಾಕ್ಷಿ, ಕೆಳಗೆ ಹುದ್ದೆ. ಇದೆಲ್ಲ ನನ್ನ ತಲೆಯಲ್ಲಿ ಓಡಿತು. ನಾನು ನಿಂತಲ್ಲೇ ನಿಂತೆ.

"ಅಫಿಡವಿಟ್‌ನಲ್ಲಿ ಇರುವುದೇ ನಿಜ, ಮ್ಯಾಡಮ್," ಅಂದಳು.

ಹಾಗಾದರೆ ಡ್ರೈಯರಿನದು?

"ಎಲ್ಲೋ ಓದಿದ್ದೆ."

ಲ್ಯಾಪ್‌ಟಾಪ್ ಮುಚ್ಚಿದ ಮೇಲೆ, "ಯಾಕ ಹಂಗ ಅಂದಿ?" ಎಂದು ಕೇಳಿದೆ. ಕೇಳಲು ನನಗೆ ಯಾವ ಮುಖವಿತ್ತೋ.

"ನಿನ್ನ ಸಹಿ ಇತ್ತಲ್ಲ. ಕೆಳಗ ಹುದ್ದೆ ಬ್ಯಾರೆ ಬರದಿದ್ದಿ. ಚಹಾ ಇಡ್ತೀಯೇನು, ಐದರ ಬಸ್ಸಿಗೆ ಹೋಗ್ಬೇಕು."

ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಅವಳು ಮತ್ತೆ ಕಡೇಚೂರಿನ ಬಸ್ ಹತ್ತಿದಳು. ಒಂದು ವರ್ಷದಲ್ಲಿ ಒಮ್ಮೆಯೂ ಆ ಮಾತು ತೆಗೆಯಲಿಲ್ಲ. ತೆಗೆದಿದ್ದರೆ ನನಗೆ ಹಗುರಾಗುತ್ತಿತ್ತು.

ಈ ವರ್ಷ ಅದೇ ಎಂ.ಎಸ್ಸಿ.ಗೆ ಮತ್ತೆ ಅರ್ಜಿ ಕರೆದಿದ್ದಾರೆಂದು ಅವಳೇ ಫೋನಿನಲ್ಲಿ ಹೇಳಿದಳು. ಮರುದಿನ ನಾನೊಬ್ಬನೇ ಬೇವಿನ ಮರದ ಕೆಳಗೆ ಹೋದೆ. ಹಿಂದಿನ ಹೇಳಿಕೆ ಸುಳ್ಳು, ಅದನ್ನು ಹೇಳಿದವನು ಮತ್ತು ಹೇಳಿಸಿದವನು ನಾನು ಎಂದು ನನ್ನ ಹೆಸರಿನಲ್ಲಿ ಅಫಿಡವಿಟ್ ಬೇಕು ಅಂದೆ.

"ಇಂಥಾದಕ್ಕ ಮಜಕೂರು ಇಲ್ಲರಿ ಸರ," ಅಂದರು ಟೈಪಿಸ್ಟರು. "ನೌಕರಿದು ವಿಚಾರ ಮಾಡೀರೇನು?"

"ಮಾಡೀನಿ. ನಾ ಹೇಳ್ತೀನಿ, ನೀವು ಟೈಪ್ ಹೊಡೀರಿ."

ಕಾಗದ ತೆಗೆದುಕೊಂಡು ಯಾದಗಿರಿಗೆ ಹೋದೆ. ತಂಗಿ ಕೋಣೆಯ ಹೊಸ್ತಿಲಲ್ಲಿ ನಿಂತು ಎರಡು ಸಲ ಓದಿದಳು. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"'ಕಾರ್ಖಾನೆಯಲ್ಲಿ ಕೂಲಿ' ಅಂತ ಯಾಕ ಬರ್ಸಿದಿ? ನಾ ಲ್ಯಾಬಿನ್ಯಾಗ ಅದೀನಿ ಅಣ್ಣಾ."

ನಿಜ. ತಪ್ಪೊಪ್ಪಿಕೊಳ್ಳಲು ಹೋದಾಗಲೂ ನಾನು ಅವಳ ಕೆಲಸವನ್ನು ಸರಿಯಾಗಿ ಹೇಳಿರಲಿಲ್ಲ. ವಾಪಸ್ ಶಹಾಪುರಕ್ಕೆ ಬಂದು ಹೊಸ ಕಾಗದದ ಮೇಲೆ ಮತ್ತೆ ಬರೆಸಿದೆ. ಶುಕ್ರವಾರ ಕೊನೆಯ ದಿನ. ಗುರುವಾರ ಅವಳು ಅದನ್ನು ಸ್ಕ್ಯಾನ್ ಮಾಡಿ, ತನ್ನ ಗೇಟ್ ಪಾಸಿನ ಜೊತೆ ಅರ್ಜಿಗೆ ಸೇರಿಸಿದಳು. ಇದನ್ನು ಬರೆಯುವ ಹೊತ್ತಿಗೆ ಸಂದರ್ಶನದ ಕರೆ ಬಂದಿಲ್ಲ. ನನ್ನ ಆಫೀಸಿನಿಂದಲೂ ಏನೂ ಬಂದಿಲ್ಲ.

ಆ ಸೋಮವಾರ ನಡೆದದ್ದನ್ನು ಕಂಡವರಲ್ಲಿ ನೋಟರಿ ವಕೀಲರು ಈ ಬೇಸಿಗೆಯಲ್ಲಿ ತೀರಿಕೊಂಡರು. ಟೈಪಿಸ್ಟರು ಇದ್ದಾರೆ, ಅದೇ ಮರದ ಕೆಳಗೆ ಕೂರುತ್ತಾರೆ, ಕೇಳಿದರೆ ಹೇಳುತ್ತಾರೆ. ಹೆಂಡತಿಯ ಸೋದರಮಾವ ಇದ್ದಾರೆ. ಅವರಿಗೆ ನಾನು ಇನ್ನೂ ಹೇಳಿಲ್ಲ, ಬರುವ ಭಾನುವಾರ ಅವರ ಮನೆಗೆ ಹೋಗುತ್ತೇನೆ. ಮತ್ತು ನನ್ನ ತಂಗಿ ಇದ್ದಾಳೆ.